ಇರುವೆ ಎಡಕ್ಕೆ ಹೋದರೂ ಬಲಕ್ಕೆ ಹೋದರೂ

ನಮ್ಮ ಸಂಶೋಧನಾ ಪತ್ರಿಕೆಯಲ್ಲಿ ನೈತಿಕತೆಯು ಕಳೆದ ವರ್ಷ ಒಂದು ಸೋಮವಾರ ಬೆಳಗ್ಗೆಯಿಂದ ಜಾರಿಗೆ ಬಂದಿದೆ. ಅದಕ್ಕೆ ಮೊದಲು ಇರಲಿಲ್ಲವೆಂದು ಯಾರೂ ಭಾವಿಸಕೂಡದು. ಇತ್ತು, ಆದರೆ ಸಮಿತಿ ಇರಲಿಲ್ಲ.

ಕಚೇರಿ ಕಾರ್ಯದರ್ಶಿಯಾದ ನಾನೇ ಅಂದು ಸೂಚನಾ ಫಲಕಕ್ಕೆ ಪ್ರಕಟಣೆ ಅಂಟಿಸಿದೆ: “ಅಧ್ಯಯನದ ಫಲಿತಾಂಶದಿಂದ ಲಾಭವಾಗಲಿ ನಷ್ಟವಾಗಲಿ ಆಗಬಹುದಾದ ಯಾರೂ ಆ ಲೇಖನದ ಲೇಖಕರಾಗತಕ್ಕದ್ದಲ್ಲ.” ಅಂಟು ಸ್ವಲ್ಪ ಜಾಸ್ತಿಯಾಗಿ ಕಾಗದ ಸುಕ್ಕಾಯಿತು. ನಿಯಮದಲ್ಲಿ ಬೇರೆ ಯಾವ ದೋಷವೂ ನನಗೆ ಕಾಣಲಿಲ್ಲ.

ನಿಯಮಕ್ಕೆ ಮೊದಲು ಸಿಕ್ಕಿದ್ದು ಇರುವೆ ಲೇಖನ. ನಮ್ಮ ಸಂಸ್ಥೆಯ ತಾತ್ಕಾಲಿಕ ಉಪನ್ಯಾಸಕಿಯೊಬ್ಬರು ಮೂರು ವರ್ಷ ಲ್ಯಾಬಿನ ಹಿಂದಿನ ಸಿಮೆಂಟ್ ನೆಲದ ಮೇಲೆ ಬೋರಲು ಮಲಗಿ, ಭೂತಗನ್ನಡಿ ಹಿಡಿದು, ಸಾಲಿನಲ್ಲಿ ಹೋಗುವ ಇರುವೆಗಳ ದಾರಿಯನ್ನು ಬಟ್ಟೆಯಿಂದ ಒರೆಸಿಬಿಟ್ಟರೆ ಅವು ಏನು ಮಾಡುತ್ತವೆ ಎಂದು ನೋಡಿದ್ದರು. ಇದರಿಂದ ಅವರಿಗೆ ಗಟ್ಟಿಯಾದ ಮೊಣಕೈಗಳೂ ಇರುವೆ ಮೇಡಂ ಎಂಬ ಹೆಸರೂ ಬಂದಿದ್ದವು. ನಮ್ಮ ಪತ್ರಿಕೆಯಲ್ಲಿ ಒಂದು ಸಲ ಹೆಸರು ಅಚ್ಚಾದರೆ ಅವರ ನೌಕರಿ ಕಾಯಂ, ಆಗದಿದ್ದರೆ ಬೇಸಿಗೆ ರಜೆಯ ನಂತರ ಬರಬೇಕಾಗಿಲ್ಲ.

ಲೇಖನಕ್ಕೆ ಮೂರು ಹೆಸರುಗಳಿದ್ದವು. ಮೊದಲನೆಯದು ಪ್ರಧಾನ ಸಂಪಾದಕರದು, ಅವರೇ ವಿಭಾಗದ ಮುಖ್ಯಸ್ಥರು, ನೈತಿಕ ಸಮಿತಿಯ ಅಧ್ಯಕ್ಷರೂ ಅವರೇ. ಎರಡನೆಯದು ಅವರ ಅಳಿಯನದು, ಅಂದರೆ ಉಪಸಂಪಾದಕರದು. ಮೂರನೆಯದು ಮೇಡಂ ಅವರದು. ಸಂಪ್ರದಾಯ ಹಾಗೇ ಇದೆ. ಸಮಿತಿ ಮೂವರನ್ನೂ ವಿಚಾರಣೆಗೆ ಕರೆಯಿತು.

ಅಧ್ಯಕ್ಷರು ಮೊದಲು ತಮ್ಮನ್ನೇ ವಿಚಾರಿಸಿಕೊಂಡರು. “ಇರುವೆ ಎಡಕ್ಕೆ ಹೋದ್ರೂ ಬಲಕ್ಕೆ ಹೋದ್ರೂ ನನಗೇನಾಗಬೇಕು? ಬರ್ಕೊಳ್ಳಿ.” ನಾನು ಬರೆದುಕೊಂಡೆ.

ಅಳಿಯ ಎದ್ದು ನಿಂತು, “ನಾನು ಲೇಖನ ಓದೇ ಇಲ್ಲ, ಮಾವ” ಅಂದರು.

ಮಾವನ ಕಣ್ಣು ತುಂಬಿ ಬಂತು. ಮಗಳನ್ನು ಇಷ್ಟೊಂದು ನಿಷ್ಪಕ್ಷಪಾತಿಗೆ ಕೊಟ್ಟಿದ್ದೇನೆಂದು ಅವರಿಗೂ ಅಂದಾಜಿರಲಿಲ್ಲ.

“ನಿಮಗೆ?” ಎಂದು ಮೇಡಂ ಕಡೆ ತಿರುಗಿದರು.

“ನನಗೆ ಆಗಬೇಕು ಸರ್. ಮೂರು ವರ್ಷದ ಕೆಲಸ. ನೌಕರೀನೂ ಇದರ ಮೇಲೇ ನಿಂತಿದೆ.”

ಕೋಣೆಯಲ್ಲಿ ಎಲ್ಲರೂ ತಲೆ ತಗ್ಗಿಸಿದರು. ಕೊನೆಗೆ ಅಧ್ಯಕ್ಷರೇ ಮೃದುವಾಗಿ ಹೇಳಿದರು: “ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಕ್ಕೆ ಸಮಿತಿ ನಿಮ್ಮನ್ನ ಮೆಚ್ಚುತ್ತೆ.” ಹೆಸರು ಹೊಡೆದುಹಾಕಲು ನನಗೆ ಕಣ್ಸನ್ನೆ ಮಾಡಿದರು.

“ಹಾಗಾದ್ರೆ ಕೆಲಸ ಮಾಡಿದ್ದು ಯಾರು ಅಂತಾಯ್ತು ಸರ್?”

“ಮಾಡಿದ್ದು ಇರುವೆಗಳಲ್ವೇನಮ್ಮ? ನೀವು ಬರೀ ನೋಡಿದ್ರಿ.”

ಮುಂದಿನ ಹಂತ ಪರಿಶೀಲನೆ. ಇರುವೆಯ ವಿಷಯ ಬಲ್ಲವರೂ ಲೇಖನಕ್ಕೆ ಸಂಬಂಧಪಡದವರೂ ಆದ ಒಬ್ಬರು ಅದನ್ನು ಓದಿ ಅಭಿಪ್ರಾಯ ಕೊಡಬೇಕು. ನಾನು ಎಲ್ಲ ಕಡೆ ವಿಚಾರಿಸಿದೆ. ಎರಡು ಅರ್ಹತೆಯೂ ಇದ್ದದ್ದು ಇರುವೆ ಮೇಡಂ ಒಬ್ಬರಿಗೇ. ಲೇಖಕರು ಯಾರೆಂದು ಅವರಿಗೆ ತಿಳಿಯಬಾರದಲ್ಲ, ಹೆಸರುಗಳ ಮೇಲೆ ಕಪ್ಪು ಶಾಯಿ ಬಳಿದು, ಪಕ್ಕದ ಮೇಜಿನಲ್ಲೇ ಕೂತಿದ್ದ ಅವರಿಗೆ ಅಂಚೆಯಲ್ಲಿ ಕಳಿಸಿದೆ.

ಅವರ ಅಭಿಪ್ರಾಯ ಬಂತು: “ಯಾರೋ ಪಾಪ ಬಹಳ ಕಷ್ಟಪಟ್ಟಿದ್ದಾರೆ. ಆದರೆ ದಾರಿ ಒರೆಸಿದ ಬಟ್ಟೆ ಒದ್ದೆಯೋ ಒಣಗಿದ್ದೋ ಹೇಳಿಲ್ಲ. ಲೇಖಕರು ತಿಳಿಸಬೇಕು.”

ಲೇಖಕರಿಬ್ಬರೂ ಮುಖ ಮುಖ ನೋಡಿಕೊಂಡರು. ಮಧ್ಯಾಹ್ನ ಅಳಿಯ ಮೇಡಂ ಮೇಜಿಗೆ ಬಂದರು. “ಪರಿಶೀಲಕರು ಯಾರೋ ತಲೆ ತಿಂತಿದಾರೆ ಮೇಡಂ. ಬಟ್ಟೆ ಒದ್ದೆನಾ, ಒಣಗಿದ್ದಾ?”

“ಒದ್ದೆ,” ಅಂದರು ಮೇಡಂ.

ಅಳಿಯ ಅದನ್ನು ಬರೆದು ನನಗೆ ಕೊಟ್ಟರು, ನಾನು ಮೇಡಂಗೆ ಕೊಟ್ಟೆ. “ಉತ್ತರ ಸಮರ್ಪಕವಾಗಿದೆ” ಎಂದು ಅವರು ಷರಾ ಬರೆದರು. ಲೇಖನ ಅಚ್ಚಾಯಿತು.

ಅಂದು ಸಂಜೆ ಮೇಡಂ ಅವರ ಅಮ್ಮ ಫೋನ್ ಮಾಡಿದರು. ಅಮ್ಮನಿಗೆ ಕಿವಿ ಸ್ವಲ್ಪ ಮಂದ, ಆದ್ದರಿಂದ ಮಾತು ಇಬ್ಬರದೂ ನನಗೆ ಕೇಳಿಸುತ್ತಿತ್ತು.

“ಏನೇ, ಹೆಸರು ಬಂತಾ?”

“ಇಲ್ಲಮ್ಮ.”

“ಯಾಕೆ?”

“ಕೆಲಸ ನಾನೇ ಮಾಡಿದ್ದಕ್ಕೆ.”

“ಹಾಗಾದ್ರೆ ಮುಂದಿನ ಸಲ ಮಾಡಬೇಡ ಕಣೇ” ಎಂದರು ಅಮ್ಮ. ಸಮಿತಿಯೇ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಮೇಡಂ ತಾಯಿಯ ಮಾತು ಮೀರಲಿಲ್ಲ. ರಜೆಗೆ ಮುಂಚೆ ಹಲ್ಲಿಗಳ ಮೇಲೊಂದು ಲೇಖನ ಬಂತು. ಹೊಸದಾಗಿ ಸೇರಿದ ತಾತ್ಕಾಲಿಕ ಉಪನ್ಯಾಸಕರೊಬ್ಬರು ಏಣಿಯ ಮೇಲೆ ಕೂತೂ ಕೂತೂ ಕತ್ತು ಸೊಟ್ಟಗೆ ಮಾಡಿಕೊಂಡು ಬರೆದದ್ದು. ಅದರಲ್ಲಿ ಮೇಡಂ ಹೆಸರೂ ಇತ್ತು. ಹಲ್ಲಿಯಿಂದ ನಿಮಗೇನಾದರೂ ಆಗಬೇಕೇ ಎಂದು ಸಮಿತಿ ಕೇಳಿತು.

“ಹಲ್ಲಿ ಕಂಡ್ರೆ ನನಗಾಗಲ್ಲ ಸರ್. ಆ ಕೋಣೆಗೇ ಹೋಗಿಲ್ಲ.”

ಅಧ್ಯಕ್ಷರು ಎದ್ದು ನಿಂತು ಕೈ ಮುಗಿದರು. ಹೆಸರು ಅಚ್ಚಾಯಿತು, ನೌಕರಿ ಕಾಯಂ ಆಯಿತು. ಅಮ್ಮ ಆ ಪುಟಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರಂತೆ. ಈಗ ಮೇಡಂ ಕೂಡ ಸಮಿತಿಯ ಸದಸ್ಯೆ. ಕತ್ತು ಸೊಟ್ಟಗಾದ ಉಪನ್ಯಾಸಕರು ತಮ್ಮ ಮುಂದಿನ ಲೇಖನದ ವಿಚಾರಣೆಯಲ್ಲೂ “ನನಗೆ ಆಗಬೇಕು” ಎಂದಾಗ, “ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಕ್ಕೆ ಸಮಿತಿ ನಿಮ್ಮನ್ನ ಮೆಚ್ಚುತ್ತೆ” ಎಂದದ್ದು ಅವರೇ. ದನಿ ಅಧ್ಯಕ್ಷರಿಗಿಂತಲೂ ಮೃದುವಾಗಿತ್ತು. ನನಗೆ ಸ್ವಲ್ಪ ಬೇಜಾರಾಯಿತು, ಆದರೆ ನಡಾವಳಿಯಲ್ಲಿ ಬರೆಯುವಂಥದ್ದಲ್ಲ.

ಸಭೆ ಮುಗಿದ ಮೇಲೆ ಮೇಡಂ ಲ್ಯಾಬಿನ ಹಿಂದಕ್ಕೆ ಹೋದದ್ದನ್ನು ಕಿಟಕಿಯಿಂದ ಕಂಡೆ. ಇರುವೆ ಸಾಲು ಹೊರಟಿತ್ತು. ಮೇಡಂ ಮಂಡಿಯೂರಿದರು, ಒಂದು ಮೊಣಕೈಯನ್ನೂ ನೆಲಕ್ಕೆ ಊರಿದರು. ಆಮೇಲೆ ಯಾರಾದರೂ ನೋಡಿಯಾರೆಂದು ಸುತ್ತ ಕಣ್ಣಾಡಿಸಿ, ಥಟ್ಟನೆ ಎದ್ದು ಸೀರೆ ಕೊಡವಿಕೊಂಡರು. ಸಮಿತಿಯ ಸದಸ್ಯರು ಹಾಗೆಲ್ಲ ಬಗ್ಗಿ ನೋಡುವುದು ನಿಯಮಕ್ಕೆ ವಿರುದ್ಧ. ನಾನು ಏನೂ ನೋಡಿಲ್ಲವೆಂದುಕೊಂಡು ಕಿಟಕಿ ಮುಚ್ಚಿದೆ.