ಅತ್ತೆಯವರ ಬರಣಿಯಲ್ಲಿ ಮೊಟ್ಟೆ

ಅನುಭವ ಎನ್ನುವುದು ಅರ್ಜಿಯಲ್ಲಿ ಬರೆದಾಗ ಬಹಳ ಚೆನ್ನಾಗಿ ಕಾಣುತ್ತದೆ. ‘ವಿಜ್ಞಾನ ಬೋಧನೆ, ಹದಿನೆಂಟು ವರ್ಷ’ ಎಂದು ನಾನೇ ಟೈಪು ಮಾಡಿ, ಕೊಂಚ ದೂರ ನಿಂತು ಓದಿದಾಗ ನನಗೇ ಆ ಹೆಂಗಸಿನ ಮೇಲೆ ಗೌರವ ಬಂತು. ಆದರೆ ನಿಮ್ಮಲ್ಲಿ ಮುಚ್ಚುಮರೆಯೇಕೆ? ಆ ಹದಿನೆಂಟು ವರ್ಷಗಳಲ್ಲಿ ನಾನು ಮಾಡಿದ ಪ್ರಯೋಗಗಳೆಲ್ಲ ಸುಣ್ಣದ ಕಡ್ಡಿಯಿಂದ ಮಾಡಿದವು. ಶಿರಹಟ್ಟಿಯ ಶಾಲೆಯ ಕರಿಹಲಗೆಯ ಮೇಲೆ ನೀರು ಕುದಿಸಿದ್ದೇನೆ, ಮೇಣದಬತ್ತಿ ಹೊತ್ತಿಸಿದ್ದೇನೆ, ಉಪ್ಪುನೀರಿನಲ್ಲಿ ಮೊಟ್ಟೆ ತೇಲಿಸಿದ್ದೇನೆ. ಒಂದೇ ಒಂದು ಪ್ರಯೋಗ ಕೈಕೊಟ್ಟಿಲ್ಲ.

ಹೀಗಿರುವಾಗ ಮುಂಡರಗಿಯ ನನ್ನ ಗೆಳತಿಯೊಬ್ಬಳು ಮಾಲ್ದೀವ್ಸಿನ ಶಾಲೆಯೊಂದಕ್ಕೆ ಟೀಚರಾಗಿ ಹೋದಳು. ಹೋದವಳು ಸುಮ್ಮನಿರಬೇಕಲ್ಲ? ಬೆಳಿಗ್ಗೆ ಒಂದು ಸಮುದ್ರ, ಸಂಜೆ ಒಂದು ಸಮುದ್ರ ಫೋಟೊ ತೆಗೆದು ಕಳಿಸತೊಡಗಿದಳು. ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗುವ ಬಸ್ಸಿನಲ್ಲಿ ಯಾರದೋ ಜೋಳದ ಚೀಲದ ಪಕ್ಕ ಒಂಟಿಗಾಲಲ್ಲಿ ನಿಂತು ನಾನು ಅವನ್ನು ನೋಡುತ್ತಿದ್ದೆ. ಒಂದು ದಿನ ತಡೆಯಲಾರದೆ ನಾನೂ ಅರ್ಜಿ ಹಾಕಿಬಿಟ್ಟೆ. ನಮ್ಮವರು ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿಯಲ್ಲಿ ಗುಮಾಸ್ತರು. “ಹಾಕು, ಹಾಕು. ಹಾಕಿದವರನ್ನೆಲ್ಲಾ ಅವರೇನ್ ಕರ್ಯಾಂಗಿಲ್ಲ” ಎಂದು ಧೈರ್ಯ ತುಂಬಿದರು.

ಹತ್ತೇ ದಿನಕ್ಕೆ ಕರೆದರು. ಬರುವ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ವಿಡಿಯೊ ಸಂದರ್ಶನ, ಅದರಲ್ಲಿ ಇಪ್ಪತ್ತು ನಿಮಿಷ ಮಾದರಿ ಪಾಠ. ವಿಷಯ ಸಾಂದ್ರತೆ. ಉಪ್ಪುನೀರಿನಲ್ಲಿ ಮೊಟ್ಟೆ ತೇಲಿಸಿ ತೋರಿಸಬೇಕು. ‘ನಿಜವಾದ ಸಾಮಗ್ರಿಗಳನ್ನೇ ಬಳಸತಕ್ಕದ್ದು’ ಎಂದು ಕೆಳಗೆ ಗೆರೆ ಬೇರೆ ಎಳೆದಿದ್ದರು. ನನ್ನ ಚರಿತ್ರೆಯನ್ನು ಅವರಿಗೆ ಯಾರು ಹೇಳಿದರೋ!

ಮೊಟ್ಟೆ ಎಂಬ ಪದವನ್ನೂ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಆಡುವುದಿಲ್ಲ. ನಮ್ಮ ಅತ್ತೆಯವರು ಬೇಕರಿಯ ಕೇಕನ್ನು ಹೊಸ್ತಿಲಲ್ಲೇ ಮೂಸಿ, ಸಂಶಯ ಬಂದರೆ ಅಲ್ಲಿಂದಲೇ ವಾಪಸು ಕಳಿಸುವವರು. ಕೊನೆಗೆ ಪಕ್ಕದ ಮನೆಯ ಹುಸೇನಬಿಯ ಮೊರೆಹೊಕ್ಕೆ. ಅವಳದು ಬಳೆ ವ್ಯಾಪಾರ, ಒಡೆಯುವ ವಸ್ತುವನ್ನು ಸಾಗಿಸುವುದರಲ್ಲಿ ಪಳಗಿದ ಕೈ. ಭಾನುವಾರ ಅತ್ತೆಯವರು ಮಠದ ಪ್ರವಚನಕ್ಕೆ ಹೊರಟಿದ್ದನ್ನು ಓಣಿಯ ತಿರುವಿನವರೆಗೂ ನೋಡಿ ಖಾತ್ರಿ ಮಾಡಿಕೊಂಡು, ಹಿತ್ತಲ ಬಾಗಿಲಿನಿಂದ ಸೆರಗಿನಲ್ಲಿ ಮುಚ್ಚಿ ತಂದಳು.

“ಟೀಚರ್ರ, ಜ್ವಾಕಿ. ಹಸಿ ತತ್ತಿ ಐತಿ. ಗಟ್ಟಿ ಹಿಡದ್ರ ಒಡೀತೈತಿ, ಸಡ್ಲ ಹಿಡದ್ರ ಬೀಳ್ತೈತಿ” ಎಂದು ನನ್ನ ಅಂಗೈಯಲ್ಲಿಟ್ಟು ಓಡಿದಳು. ನಲವತ್ಮೂರನೆಯ ವಯಸ್ಸಿನಲ್ಲಿ ನಾನು ಮೊದಲ ಸಲ ಮೊಟ್ಟೆ ಮುಟ್ಟಿದೆ.

ಅಡುಗೆಮನೆಯಲ್ಲಿ ಬೆಳಕು ಚೆನ್ನಾಗಿತ್ತು. ನಮ್ಮವರು ಮೊಬೈಲು ಹಿಡಿದು ಕುಳಿತರು. ಬೇರೆ ದೊಡ್ಡ ಗಾಜಿನ ಪಾತ್ರೆ ಸಿಗದೆ ಅತ್ತೆಯವರು ತೊಳೆದು ಕವುಚಿಟ್ಟಿದ್ದ ಉಪ್ಪಿನಕಾಯಿಯ ಗಾಜಿನ ಬರಣಿಯನ್ನೇ ತೆಗೆದುಕೊಂಡಿದ್ದೆ. ಪರದೆಯ ಮೇಲೆ ಆ ಶಾಲೆಯ ಮುಖ್ಯಾಧ್ಯಾಪಕಿ, ಅಕ್ಕಪಕ್ಕ ಇನ್ನಿಬ್ಬರು. ನನ್ನ ಇಂಗ್ಲಿಷು ಮೊದಮೊದಲು ಕುಂಟಿದರೂ ಆಮೇಲೆ ನಡೆಯಿತು, ನಂತರ ಓಡಿತು. ಸಿಹಿನೀರಿಗೆ ಮೊಟ್ಟೆ ಬಿಟ್ಟೆ, ಮುಳುಗಿತು. ಎರಡು ಚಮಚ ಉಪ್ಪು ಹಾಕಿ ಕದಡಿ, “ಈಗ ತೇಲುವುದನ್ನು ನೋಡಿ” ಎಂದೆ. ನೋಡಿದರು. ತೇಲಲಿಲ್ಲ. ಇನ್ನೆರಡು ಚಮಚ ಹಾಕಿ, “ಈಗ ನೋಡಿ” ಎಂದೆ. ಮೊಟ್ಟೆ ಊಟ ಮಾಡಿ ಮಲಗಿದವರ ಹಾಗೆ ತಳದಲ್ಲಿ ಹಾಯಾಗಿತ್ತು. ಕರಿಹಲಗೆಯ ಮೇಲೆ ಎಷ್ಟು ಉಪ್ಪು ಹಾಕುತ್ತಿದ್ದೆ ಎಂದು ನೆನಪಿಸಿಕೊಂಡೆ. ನಾಲ್ಕು ಚುಕ್ಕೆ.

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆಯವರು! ಸ್ವಾಮಿಗಳಿಗೆ ಗಂಟಲು ಕಟ್ಟಿ ಪ್ರವಚನ ಬೇಗ ಮುಗಿದಿತ್ತಂತೆ. ನಮ್ಮವರು ಗಡಬಡಿಸಿ ಎದ್ದ ರಭಸಕ್ಕೆ ಮೊಬೈಲು ಒಮ್ಮೆ ಚಾವಣಿಯನ್ನು ತೋರಿಸಿ ಕೆಳಗಿಳಿಯಿತು. ಇಳಿಯುವಾಗ ಅತ್ತೆಯವರನ್ನೂ ಪಾಠದೊಳಗೆ ಸೇರಿಸಿಕೊಂಡಿತು.

“ಏನ್ ನಡದೈತಿ ಇಲ್ಲಿ?”

“ಪ್ರಯೋಗರೀ ಅತ್ತಿ... ಅದು ತೇಲವಲ್ದು” ಎಂದೆ, ಅಳು ತಡೆದುಕೊಂಡು.

ಬಗ್ಗಿ ನೋಡಿದರು. ಅದೇನೆಂದು ಅವರಿಗೆ ತಿಳಿಯಿತು. ಮೂಗಿನ ಹೊಳ್ಳೆ ಅರಳಿದ್ದನ್ನು ಕಂಡು, ತಿಳಿಯಿತೆಂದು ನನಗೂ ತಿಳಿಯಿತು.

“ಆ ಮಂದಿ ನಮ್ಮನ್ನ ನೋಡಾಕತ್ತಾರೇನು?”

“ಹೌದ್ರಿ.”

“ಹಂಗಾರ ಮದ್ಲ ಪಾಠ ಮುಗಸು. ಆಮ್ಯಾಲ ಬೈತೀನಿ.”

ಉಗ್ರಾಣದಿಂದ ಹರಳುಪ್ಪಿನ ಮಡಕೆ ತಂದು, ಬೊಗಸೆ ಬೊಗಸೆಯಾಗಿ ಸುರಿದು, ಸೌಟಿನ ಹಿಡಿಯಿಂದ ಗರಗರ ತಿರುವಿದರು. “ಚಮಚಾದಾಗ ಹಾಕಿದ್ರ ಸಾರಿಗೂ ಸಾಲಂಗಿಲ್ಲ. ಉಪ್ಪಿನಕಾಯಿ ನೀರಿಗೆ ಬಟಾಟಿ ತೇಲೂತನಾ ಉಪ್ಪು ಸುರೀಬೇಕು. ಇಷ್ಟು ಗೊತ್ತಿಲ್ದ ಹುಡುಗ್ರಿಗೆ ಏನವಾ ಕಲಿಸಿದಿ ನೀ?” ಎಂದರು. ಮೊಟ್ಟೆ ಒಮ್ಮೆ ಹೊರಳಿತು, ತಲೆಯೆತ್ತಿತು, ಸುಯ್ಯೆಂದು ಮೇಲೆದ್ದು ನಿಂತೇಬಿಟ್ಟಿತು. ಆಚೆಯ ಮೂವರೂ ಚಪ್ಪಾಳೆ ತಟ್ಟಿದರು. ಆ ಹಿರಿಯರು ಕೊನೆಗೆ ಏನೆಂದರು ಎಂದು ಮುಖ್ಯಾಧ್ಯಾಪಕಿ ಕುತೂಹಲದಿಂದ ಕೇಳಿದರು. “ಸಾಂದ್ರತೆ ಹೆಚ್ಚಾಗಬೇಕು ಎಂದರು” ಎಂದು ನಾನು ಅನುವಾದಿಸಿದೆ.

ಕೊಟ್ಟ ಮಾತಿನಂತೆ ಅತ್ತೆಯವರು ಸಂಜೆಯವರೆಗೂ ಬೈದರು. ಬರಣಿ ಹುಸೇನಬಿಯ ಮನೆ ಸೇರಿತು, ಅಡುಗೆಮನೆ ಮೂರು ಸಲ ತೊಳೆಸಿಕೊಂಡಿತು. ನಾಲ್ಕನೆಯ ದಿನ ಆಯ್ಕೆಯಾದ ಪತ್ರ ಬಂತು. ನಮ್ಮವರು ಅದನ್ನು ಮೂರು ಸಲ ಓದಿದರು. ನನಗೆ ಕುಣಿಯಬೇಕೋ ಅಳಬೇಕೋ ತೋಚಲಿಲ್ಲ. ಅತ್ತೆಯವರೇ ಬಾಯಿ ಬಿಟ್ಟರು: “ಹೋಗು. ಈ ಮನ್ಯಾಗ ತತ್ತಿ ಬಂದದ್ದು ದಂಡ ಆಗಬಾರದು.” ಹಾಗೆಂದು ಆ ಕಡೆ ತಿರುಗಿ, ನನಗೆ ಕಟ್ಟಿಕೊಡಲು ಶೇಂಗಾ ಚಟ್ನಿ ಕುಟ್ಟತೊಡಗಿದರು. ಅಗತ್ಯಕ್ಕಿಂತ ಜೋರಾಗಿಯೇ ಕುಟ್ಟಿದರು.

ದ್ವೀಪದ ಶಾಲೆಯ ಮೊದಲ ದಿನ. ಇಸ್ತ್ರಿ ಮಾಡಿದ ಸೀರೆಯುಟ್ಟು ತರಗತಿಗೆ ನುಗ್ಗಿ, ಎಲೆಗಳು ಆಹಾರ ತಯಾರಿಸುವ ಪಾಠವನ್ನು ನಿಜವಾದ ಗಿಡವನ್ನೇ ಇಟ್ಟುಕೊಂಡು ಮಾಡಿದೆ. ಮಕ್ಕಳು ಕಣ್ಣರಳಿಸಿ ಕೂತಿದ್ದವು. ಎಂಥ ಶಿಸ್ತು! ನಡುವೆ ಒಬ್ಬ ಹುಡುಗಿ ಕೈಯೆತ್ತಿದಳು. ಪ್ರಶ್ನೆಗಳೆಲ್ಲ ಕೊನೆಗೆ ಎಂದೆ. ಗಂಟೆ ಹೊಡೆದ ಮೇಲೆ ಅವಳು ಎದ್ದು ನಿಂತು ಬಹಳ ವಿನಯದಿಂದ ಹೇಳಿದಳು: “ಮಿಸ್, ಇದು ನಾಲ್ಕನೆಯ ತರಗತಿ. ನಿಮ್ಮ ಏಳನೆಯ ತರಗತಿಯವರು ಪಕ್ಕದ ಕೋಣೆಯಲ್ಲಿ ಕಾಯುತ್ತಿದ್ದಾರೆ.”

ಸಂಜೆ ಊರಿನಿಂದ ಫೋನು. ನಮ್ಮವರ ಕೈಯಿಂದ ಕಸಿದುಕೊಂಡು ಅತ್ತೆಯವರೇ ಮಾತಾಡಿದರು.

“ಹುಡುಗ್ರು ಹೆಂಗ ಕೇಳಿದ್ವು?”

“ಪಿಟ್ ಅನ್ನಲಿಲ್ರಿ.”

“ಶಾಣೇ ಅದಾವ. ಯಾವ ಕ್ಲಾಸಿಗೆ ಕಲಿಸಿದಿ?”

ಈ ದ್ವೀಪದಲ್ಲಿ ನೆಟ್‌ವರ್ಕು ಗಾಜಿನಷ್ಟು ಸ್ವಚ್ಛ. ಆದರೂ ನಾನು “ಹಲೋ, ಹಲೋ, ಅತ್ತೀ, ಕೇಳಸವಲ್ದುರೀ” ಎಂದು ಎರಡು ಸಲ ಕೂಗಿ ಫೋನಿಟ್ಟೆ.