‘ಹೂಂ’ ಅಂದರೆ ಆಗದ ನಮ್ಮ ಫಾದರ್

ನಮ್ಮ ಕಾಲೇಜಿನ ಪ್ರಾಂಶುಪಾಲರಿಗೆ ಒಂದು ವಿಚಿತ್ರ ಕಾಯಿಲೆ. ರಕ್ತದೊತ್ತಡವಲ್ಲ, ಸಕ್ಕರೆಯೂ ಅಲ್ಲ. ಅವರ ಮಾತಿಗೆ ಯಾರಾದರೂ ‘ಹೂಂ ಫಾದರ್’ ಅಂದುಬಿಟ್ಟರೆ ಮುಗಿಯಿತು, ಮುಖ ಬಾಡುತ್ತದೆ. ಅಂಗಿಯೊಳಗೆ ಕಟ್ಟಿರುವೆ ಬಿಟ್ಟುಕೊಂಡವರ ಹಾಗೆ ಕುರ್ಚಿಯಲ್ಲಿ ಆಚೆಗೂ ಈಚೆಗೂ ಮಿಸುಕಾಡುತ್ತಾರೆ! ಅದೇ ‘ಇಲ್ಲ ಫಾದರ್, ನೀವು ಹೇಳೋದು ತಪ್ಪು’ ಅನ್ನಿ. ಆಗ ನೋಡಬೇಕು ಆ ಮುಖದ ಕಳೆ! ಹಬ್ಬದ ದಿನ ಎಲೆಗೆ ಒಬ್ಬಟ್ಟು ಬಿದ್ದಾಗಲೂ ಯಾರಿಗೂ ಅಷ್ಟು ಸಂತೋಷವಾಗಲಾರದು. ಇಂಥ ಪ್ರಾಂಶುಪಾಲರು ಪ್ರಪಂಚದಲ್ಲಿ ಇನ್ನೊಬ್ಬರಿದ್ದರೆ ದಯವಿಟ್ಟು ತಿಳಿಸಿ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಿದರೆ ನಾವು ನೆಮ್ಮದಿಯಾಗಿ ಪಾಠ ಮಾಡಿಕೊಂಡಿರಬಹುದು.

ಫಾದರ್ ಅಂದೆನಲ್ಲ, ಕಥೋಲಿಕ ಗುರುಗಳು ಅವರು. ಕರಾವಳಿಯ ಕಡೆಯವರು, ಓದಿದ್ದು ತತ್ವಶಾಸ್ತ್ರ. ಸಮುದ್ರದ ಗಾಳಿ ಕುಡಿದು ಬೆಳೆದ ಇವರನ್ನು ಮೇಲಿನವರು ಯಾವ ಪುಣ್ಯಕ್ಕೋ ಹುಣಸೂರಿನ ಹೊರಗೆ, ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳ ನಡುವೆ ಇರುವ ನಮ್ಮ ಪದವಿ ಕಾಲೇಜಿಗೆ ಕಳಿಸಿದರು. ನಾನು ಅಲ್ಲಿ ಕನ್ನಡ ಮೇಷ್ಟ್ರು. ಪಿರಿಯಾಪಟ್ಟಣದ ಕಡೆಯ ಹಳ್ಳಿಯವನು, ಲಿಂಗಪೂಜೆ ಆಗದೆ ತುತ್ತು ಎತ್ತದ ಮನೆಯವನು. ‘ದೊಡ್ಡವರ ಮಾತಿಗೆ ಹೂಂ ಅನ್ನೋದೇ ಮರ್ಯಾದೆ’ ಎಂದು ಕಲಿತು ಬೆಳೆದವನು ನೇರವಾಗಿ ಹೋಗಿ ಬಿದ್ದದ್ದು ಇವರ ಬಾಯಿಗೆ!

ಸಂದರ್ಶನದ ದಿನ ಅವ್ವ ಎಚ್ಚರಿಕೆ ಕೊಟ್ಟೇ ಕಳಿಸಿದ್ದಳು. “ಪಾದ್ರಿಗೋಳ ಕಾಲೇಜು ಕಣ್ಲಾ. ಉಸಾರಾಗಿರು. ಏನ್ ಕೇಳುದ್ರೂ ತಲೆ ಆಡ್ಸ್‌ಬುಡು, ಕೆಲ್ಸ ಸಿಕ್ತದೆ.”

ಹಣೆ ತುಂಬ ವಿಭೂತಿ ಧರಿಸಿ ಬಸ್ಸು ಹತ್ತಿದವನಿಗೆ ದಾರಿಯಲ್ಲಿ ಅಳುಕು ಶುರುವಾಯಿತು. ಪಾದ್ರಿಗಳು ಏನಂದುಕೊಳ್ಳುತ್ತಾರೋ ಏನೋ! ಕರ್ಚೀಫು ತೆಗೆದು ಒರೆಸಿಕೊಂಡೆ. ಒಳಗೆ ಹೋಗಿ ಕೂತರೆ, ಫಾದರ್ ನನ್ನ ಅಂಕಪಟ್ಟಿ ನೋಡಲಿಲ್ಲ, ನನ್ನ ಹಣೆ ನೋಡಿದರು.

“ಇದೆಂತ ಮಾರಾಯ್ರೇ, ಅರ್ಧ ಉಂಟು, ಅರ್ಧ ಇಲ್ಲ? ಒರೆಸಿದ್ರಾ?”

ಅವ್ವ ಹೇಳಿದಂತೆ ತಲೆ ಆಡಿಸಿದೆ.

“ನನಗೆ ಹೆದರಿ ಒರೆಸಿದ್ದಾ?”

ಮತ್ತೆ ತಲೆ ಆಡಿಸಿದೆ.

“ನನ್ನ ಮೈಮೇಲೆ ಇಷ್ಟು ಉದ್ದದ ಬಿಳಿ ನಿಲುವಂಗಿ ಉಂಟು. ನಿಮಗೆ ಹೆದರಿ ನಾನು ಅರ್ಧ ಬಿಚ್ಚಿಟ್ಟಿದ್ದೇನಾ?” ಎಂದವರು ಹೊರಗಿನ ನಲ್ಲಿ ತೋರಿಸಿದರು. “ಹೋಗಿ, ಮುಖ ತೊಳೆದು ಸರಿಯಾಗಿ ಹಚ್ಚಿಕೊಂಡು ಬನ್ನಿ. ಇರುವವನು ಪೂರ್ತಿ ಇರಬೇಕು. ಅರ್ಧ ಮನುಷ್ಯನಿಗೆ ಪೂರ್ತಿ ಸಂಬಳ ಕೊಡ್ಲಿಕ್ಕೆ ಆಗುದಿಲ್ಲ.”

ಪುಣ್ಯಕ್ಕೆ ಚೀಲದಲ್ಲಿ ಅವ್ವ ಇಟ್ಟಿದ್ದ ವಿಭೂತಿ ಗಟ್ಟಿ ಇತ್ತು. ಕ್ರೈಸ್ತ ಕಾಲೇಜಿನ ಸಂದರ್ಶನದಲ್ಲಿ ಅರ್ಧಕ್ಕೆ ಎದ್ದುಹೋಗಿ ಮೂರು ಬೆರಳು ವಿಭೂತಿ ಎಳೆದುಕೊಂಡು ಬಂದು ಕೆಲಸ ಗಿಟ್ಟಿಸಿದವನು ನಾನೊಬ್ಬನೇ ಇರಬೇಕು!

ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು, ಇದು ಬರೀ ಆರಂಭ ಎಂದು. ನಮ್ಮಲ್ಲಿ ಸಿಬ್ಬಂದಿ ಸಭೆ ಶುರುವಾಗುವುದು ಪ್ರಾರ್ಥನೆಯಿಂದ. ಪ್ರಾರ್ಥನೆ ಮುಗಿದ ತಕ್ಷಣ ಫಾದರ್ ಕೇಳುತ್ತಾರೆ: “ಇವತ್ತು ವಿರೋಧ ಯಾರದ್ದು?” ಹೌದು, ವಿರೋಧಕ್ಕೂ ಪಾಳಿ! ಯಾರ ಪಾಳಿಯೋ ಅವರು ಆ ದಿನ ಬಂದ ಪ್ರತಿಯೊಂದು ವಿಷಯವನ್ನೂ ಎದ್ದು ನಿಂತು ಖಂಡಿಸಬೇಕು. “ಎಲ್ಲರೂ ಒಪ್ಪಿದ ಕೆಲಸ ಮಾಡ್ಲಿಕ್ಕೆ ನನಗೆ ಭಯ ಮಾರಾಯ್ರೇ. ಯಾರೂ ಯೋಚನೆ ಮಾಡ್ಲಿಲ್ಲ ಅಂತ ಅರ್ಥ” ಎನ್ನುತ್ತಾರೆ.

ಒಮ್ಮೆ ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರು ಕಷ್ಟಕ್ಕೆ ಸಿಕ್ಕಿಬಿದ್ದರು. ಅವರು ಕೆ.ಆರ್. ನಗರದವರು, ಆರಡಿ ಆಳು, ಮಾತು ಕಡಿಮೆ. ಕ್ರೀಡಾಕೂಟ ಮಾಡಬೇಕೆಂದು ಅರ್ಜಿ ಕೊಟ್ಟವರೇ ಅವರು. ಅವತ್ತು ವಿರೋಧದ ಪಾಳಿಯೂ ಅವರದೇ!

“ಸಾರ್, ಇದು ನಂದೇ ಅಲ್ವಾ? ನಾನೇ ಎಂಗೆ ಬ್ಯಾಡ ಅನ್ಲಿ?”

“ನಿಮಗೇ ಚೆನ್ನಾಗಿ ಗೊತ್ತುಂಟು ಅದರ ಹುಳುಕು. ಹೇಳಿ, ಹೇಳಿ.”

ಪಾಪ, ಎದ್ದರು. ಬಿಸಿಲು ಅಂದರು, ಮೈದಾನದಲ್ಲಿ ಹಳ್ಳ ಅಂದರು, ಓಡುವವರೇ ಓಡುತ್ತಾರೆ, ಮಿಕ್ಕವರು ಮರದ ಕೆಳಗೆ ಕಡಲೆಕಾಯಿ ತಿನ್ನುತ್ತಾರೆ ಅಂದರು. ಹೇಳುತ್ತ ಹೇಳುತ್ತ ಅವರಿಗೇ ಆವೇಶ ಬಂತು. “ಇಂಥಾ ಕ್ರೀಡಾಕೂಟ ಯಾವನಿಗ್ ಬೇಕ್ ಸಾರ್? ದಂಡ!” ಎಂದು ಮೇಜು ಗುದ್ದಿಬಿಟ್ಟರು! ಕೊನೆಗೆ ಕ್ರೀಡಾಕೂಟ ನಡೆಯಿತು. ಹಳ್ಳ ಮುಚ್ಚಿಸಿ, ಮರದ ಕೆಳಗಿನವರಿಗೂ ಹಗ್ಗಜಗ್ಗಾಟಕ್ಕೆ ಹಗ್ಗ ಹಿಡಿಸಿ ನಡೆಸಿದರು.

ಗ್ರಂಥಾಲಯದ ಕತೆ ಕೇಳಿ. ಫಾದರ್ ಬರುವ ಮುಂಚೆ ಪುಸ್ತಕಗಳೆಲ್ಲ ಗಾಜಿನ ಬೀರುವಿನೊಳಗೆ ಭದ್ರವಾಗಿದ್ದವು, ಬೀಗದ ಕೈ ಗ್ರಂಥಪಾಲಕಿಯ ಸೊಂಟದಲ್ಲಿ ಅದಕ್ಕಿಂತ ಭದ್ರವಾಗಿತ್ತು. ಫಾದರ್ ಬೀಗಗಳನ್ನೆಲ್ಲ ತೆಗೆಸಿದರು.

“ಫಾದರ್, ಮಕ್ಳು ಕದ್‌ಬುಡ್ತಾರೆ!” ಎಂದು ಆ ತಾಯಿ ಅಳುವುದೊಂದು ಬಾಕಿ.

“ಕದಿಯಲಿ. ಕದ್ದವನು ಓದದೆ ಬಿಡ್ತಾನಾ?”

ಆಕೆ ಹೇಳಿದಂತೆಯೇ ಆಯಿತು. ತಿಂಗಳೊಳಗೆ ಪುಸ್ತಕಗಳು ಕಾಲು ಬಂದಂತೆ ನಡೆದುಹೋದವು. ಬೆಳಗಿನ ಪ್ರಾರ್ಥನೆಯಲ್ಲಿ ಫಾದರ್ ಕಳ್ಳರಿಗೆಲ್ಲ ಕೈಮುಗಿದು ಅಭಿನಂದನೆ ಹೇಳಿದರು! ಆದರೆ ಮಧ್ಯಾಹ್ನ ನನ್ನನ್ನು ಕೋಣೆಗೆ ಕರೆದಾಗ ಮುಖ ಸಪ್ಪಗಿತ್ತು. “ಪತ್ತೇದಾರಿ ಹೋಗಿದೆ, ಅಡುಗೆ ಹೋಗಿದೆ, ಸ್ಪರ್ಧಾತ್ಮಕ ಪರೀಕ್ಷೆಯದ್ದು ಎಲ್ಲ ಹೋಗಿದೆ. ಬೈಬಲ್ ಸಾಲಾಗಿ ಹಾಗೇ ಉಂಟು. ಒಂದನ್ನೂ ಯಾರೂ ಕದೀಲಿಲ್ಲ ಯಾಕೆ ಮಾರಾಯ್ರೇ?”

“ಕದೀಬಾರದು ಅಂತ ಅದರಲ್ಲೇ ಬರೆದಿದೆಯಲ್ಲ ಫಾದರ್” ಅಂದೆ. ಫಾದರ್ ನಕ್ಕ ನಗು ಕಾರಿಡಾರಿನ ತುದಿಯವರೆಗೂ ಕೇಳಿಸಿತಂತೆ.

ಈ ಕುತೂಹಲಕ್ಕೆ ಊರು ಕೇರಿ ಎಂಬ ಗಡಿಯೂ ಇರಲಿಲ್ಲ. ನಮ್ಮ ತಾಲ್ಲೂಕಿನ ಗುರುಪುರದ ಪಕ್ಕದಲ್ಲಿ ಟಿಬೆಟಿನವರ ಕ್ಯಾಂಪು ಇದೆ. ಅಲ್ಲಿಯ ಭಿಕ್ಷುಗಳು ವಾದ ಮಾಡುವಾಗ ಕಾಲೆತ್ತಿ ನೆಲಕ್ಕೆ ಅಪ್ಪಳಿಸಿ, ಎದುರಿನವನ ಮೂಗಿನ ಹತ್ತಿರ ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾರೆ. ಒಂದು ಸಂಜೆ ಫಾದರ್ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ ಅದನ್ನು ನೋಡಿದರು. ಅಷ್ಟೇ! ಮರುದಿನ ವಾಣಿಜ್ಯ ವಿಭಾಗದ ಮುಖ್ಯಸ್ಥರು ವೇಳಾಪಟ್ಟಿ ಹಿಡಿದುಕೊಂಡು ಹೋದರೆ ಫಾದರ್ ಕಾಲು ಅಪ್ಪಳಿಸಿ ಅವರ ಮೂಗಿನ ಮುಂದೆ ‘ಫಟ್!’ ಎಂದು ಚಪ್ಪಾಳೆ ತಟ್ಟಿದ್ದಾರೆ. ಮುಖ್ಯಸ್ಥರು ಅವತ್ತು ಅರ್ಧ ದಿನ ರಜೆ ಹಾಕಿ ಮನೆಗೆ ಹೋದರು.

ಫಾದರ್ ನಮ್ಮ ಮನೆಗೂ ಬಂದರು. ಅವ್ವ ಮೊದಲು ಮುಖ ಬಿಗಿದುಕೊಂಡೇ ಚಾಪೆ ಹಾಸಿದಳು. ಕಾಫಿ ಕುಡಿಯುತ್ತ ಫಾದರ್ ಶುರು ಮಾಡಿಯೇಬಿಟ್ಟರು: “ಅಮ್ಮಾ, ಪೂಜೆ ಹೊತ್ತಿನಲ್ಲಿ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ನೋಡ್ತೀರಲ್ಲ, ಎಂತ ಕಾಣ್ತದೆ?”

ಅವ್ವ ಯೋಚಿಸಿದಳು. “ಏನ್ ಕಾಣ್ತದೆ ಬುದ್ಧಿ? ಒಂದೊಂದ್ ದಿನ ಶಿವ ಕಾಣ್ತಾನೆ. ಒಂದೊಂದ್ ದಿನ ಒಲೆ ಮ್ಯಾಲ್ ಮಡಗಿರೋ ಹಾಲು ಕಾಣ್ತದೆ.”

ಫಾದರ್ ಲೋಟ ಕೆಳಗಿಟ್ಟರು. “ನನಗೂ ಹಾಗೆಯೇ ಅಮ್ಮ! ಚರ್ಚಿನಲ್ಲಿ ಬಲಿಪೂಜೆ ಮಾಡುವಾಗ ಕಣ್ಣು ಮುಚ್ಚಿದ್ರೆ ಕಾಲೇಜಿನ ಸೋರುವ ನೀರಿನ ಟ್ಯಾಂಕ್ ಕಾಣ್ತದೆ!”

ಅವರು ಹೋದ ಮೇಲೆ ಅವ್ವ ತೀರ್ಪು ಕೊಟ್ಟಳು: “ನಮ್ಮ ಮಠದ ಅಯ್ನೋರೂ ಇಂಗೆ ಕೇಳ್ನಿಲ್ಲ ಕಣ್ಲಾ. ಒಳ್ಳೆ ಮನುಸ. ಸೊರಗವ್ರೆ, ವಸಿ ಊಟ ಸಾಲ್ದು, ಅಷ್ಟೆಯಾ.”

ಇಷ್ಟೆಲ್ಲ ನಗುತ್ತ ಹೇಳಿದೆ. ಆದರೆ ಪ್ರಶ್ನೆ ಎಂಬುದು ಬೆಂಕಿಯ ಹಾಗೆ, ಒಂದಲ್ಲ ಒಂದು ದಿನ ಸುಡದೆ ಇರುತ್ತದೆಯೇ?

ಕಾಲೇಜಿನ ವಾರ್ಷಿಕ ಉಪನ್ಯಾಸಕ್ಕೆ ದೊಡ್ಡ ಊರಿನಿಂದ ಒಬ್ಬ ವಿದ್ವಾಂಸ ಗುರುಗಳು ಬಂದಿದ್ದರು. ವಿಷಯ ‘ದೇವರ ಕರುಣೆ’. ಸೊಗಸಾಗಿಯೇ ಮಾತಾಡಿದರು. ಮುಗಿದ ಮೇಲೆ ಫಾದರ್ ಎಂದಿನಂತೆ, “ಪ್ರಶ್ನೆ ಉಂಟಾ?” ಎಂದು ಸಭೆಯ ಕಡೆ ನೋಡಿದರು. ಕೊನೆಯ ವರ್ಷದ ಬಿ.ಎ. ಹುಡುಗಿಯೊಬ್ಬಳು ಎದ್ದಳು. ಬೀಚನಹಳ್ಳಿಯವಳು. ಅವಳಪ್ಪ ಅಲ್ಲಿ ನೀರುಗಂಟಿ, ಅಣೆಕಟ್ಟಿನಿಂದ ನಾಲೆಗೆ ನೀರು ಬಿಡುವ ಕೆಲಸ.

“ಸಾರ್, ಹೋದ್ ಮಳೆಗಾಲದಲ್ಲಿ ನನ್ ತಮ್ಮ ನಾಲೆಗ್ ಬಿದ್ದು ಹೋಗ್ಬುಟ್ಟ. ನಮ್ಮಪ್ಪನೇ ನೀರು ಬಿಟ್ಟಿದ್ದ ನಾಲೆ. ಅವತ್ತು ನೀವು ಹೇಳ್ದ ಕರುಣೆ ಎಲ್ಲೋಗಿತ್ತು ಸಾರ್?”

ಅತಿಥಿಗಳ ಮುಖ ಕೆಂಪಾಯಿತು. “ಇದು ಹಿರಿಯರನ್ನು ಪ್ರಶ್ನೆ ಕೇಳುವ ಕ್ರಮವಲ್ಲ” ಎಂದವರು ಊಟವನ್ನೂ ಮಾಡದೆ ಕಾರು ಹತ್ತಿದರು.

ವಾರದೊಳಗೆ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಬಂದು ನಮ್ಮೆಲ್ಲರನ್ನೂ ಸಭೆ ಸೇರಿಸಿದರು. ಹುಡುಗಿ ಎಲ್ಲರೆದುರು ಕ್ಷಮೆ ಕೇಳಬೇಕು. ಇನ್ನು ಮುಂದೆ ಕಾಲೇಜಿನಲ್ಲಿ ಈ ಪ್ರಶ್ನೆಗಳ ಹುಚ್ಚಾಟ ನಿಲ್ಲಬೇಕು. ಇಷ್ಟು ಹೇಳಿ, “ಇದು ಧರ್ಮದ ಸಂಸ್ಥೆ ಫಾದರ್, ಮರೆಯಬೇಡಿ” ಎಂದರು.

ಫಾದರ್ ದನಿ ಏರಿಸಲಿಲ್ಲ. “ಮರೆತಿಲ್ಲ. ಶಿಲುಬೆಯ ಮೇಲೆ ನಮ್ಮ ಪ್ರಭು ಕೇಳಿದ್ದೂ ಈ ಹುಡುಗಿ ಕೇಳಿದ್ದೇ. ಯಾಕೆ ಕೈಬಿಟ್ಟೆ ಅಂತ. ಮೊದಲು ಅವರಿಂದ ಕ್ಷಮೆ ಕೇಳಿಸುವ, ಆಮೇಲೆ ಇವಳದ್ದು ನೋಡುವ. ಆಗ್ಬಹುದಾ?”

“ನಿಮ್ಮ ವರ್ಗಾವಣೆಗೆ ಮೇಲಕ್ಕೆ ಬರೆಯಬೇಕಾಗುತ್ತದೆ.”

“ಬರೆಯಿರಿ.”

ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ದೈಹಿಕ ಶಿಕ್ಷಣದ ಮೇಷ್ಟ್ರು ಎದ್ದು ನಿಂತಿದ್ದರು. “ನನ್ ಹೆಸ್ರೂ ಬರ್ಕಳಿ ಸಾರ್. ಮಗು ಕ್ಷಮೆ ಕೇಳೋದಕ್ಕೆ ನಂದು ಒಪ್ಗೆ ಇಲ್ಲ.” ಅವರ ಪಕ್ಕದಲ್ಲಿ ಗ್ರಂಥಪಾಲಕಿ ಎದ್ದರು. ಆಮೇಲೆ ವಾಣಿಜ್ಯದವರು, ಆಮೇಲೆ ನಾನು. ಅವತ್ತು ಯಾರ ಪಾಳಿಯೂ ಇರಲಿಲ್ಲ.

ದೂರು ಮೇಲಕ್ಕೆ ಹೋಯಿತು. ಅಲ್ಲಿದ್ದ ವೃದ್ಧ ಗುರುಗಳೊಬ್ಬರು ಓದಿ, ಈ ಹುಡುಗಿಗೆ ಉತ್ತರ ಕೊಡಬಲ್ಲವರು ಯಾರಾದರೂ ಇದ್ದರೆ ಅವರನ್ನು ಆ ಕಾಲೇಜಿಗೆ ಕಳಿಸಿ, ಇಲ್ಲದಿದ್ದರೆ ಸುಮ್ಮನಿರಿ ಎಂದರಂತೆ. ಎಲ್ಲರೂ ಸುಮ್ಮನಾದರು.

ಗೆದ್ದೆವು ಎಂದು ನಾವು ಕಾಫಿ ತರಿಸಿದೆವು. ಫಾದರ್ ಮಾತ್ರ ಕುಡಿಯಲಿಲ್ಲ. “ಆ ಮಗು ಎಲ್ಲಿ? ಅವತ್ತಿನಿಂದ ಬರ್ತಾ ಇಲ್ಲ” ಎಂದರು.

ಆ ಶನಿವಾರ ಮಧ್ಯಾಹ್ನ ಇಬ್ಬರೂ ಸ್ಕೂಟರಿನಲ್ಲಿ ಕೋಟೆ ಪಟ್ಟಣ ದಾಟಿ ಬೀಚನಹಳ್ಳಿಗೆ ಹೋದೆವು. ನಿಲುವಂಗಿ ಕಂಡದ್ದೇ ಹುಡುಗಿಯ ಅಪ್ಪ ಓಡಿಬಂದು ಕೈಮುಗಿದ. “ತಪ್ಪಾಯ್ತು ಬುದ್ಧಿ. ಅವಳ್ಗೆ ಬಾಯಿ ಜಾಸ್ತಿ. ಇನ್ಮೇಕೆ ಕಾಲೇಜ್ ಬ್ಯಾಡ ಅಂದ್‌ಬುಟ್ಟಿವ್ನಿ.”

ಫಾದರ್ ಅವನ ಕೈ ಬಿಡಿಸಿ ಜಗಲಿಯ ಮೇಲೆ ಕೂತರು. ಬಾಗಿಲ ಹಿಂದೆ ತಾಯಿ, ಅವಳ ಹಿಂದೆ ಹುಡುಗಿ. ತಾಯಿಯೇ ಮುಂದೆ ಬಂದಳು.

“ನಂಗೆ ಓದು ಬರಾಕಿಲ್ಲ ಬುದ್ಧಿ. ಮಗಳು ಕೇಳಿದ್ದು ತಪ್ಪಾದ್ರೆ ತಪ್ಪು ಅನ್ನಿ. ತಪ್ಪಲ್ದಿದ್ರೆ ಅದ್ಕೆ ಉತ್ರ ಏನು, ಹೇಳಿ.”

ಊರಿಗೆಲ್ಲ ಪ್ರಶ್ನೆ ಹಾಕುವ ಮನುಷ್ಯ ತಲೆ ತಗ್ಗಿಸಿದರು. “ಗೊತ್ತಿಲ್ಲಮ್ಮ” ಎಂದರು. “ನಾನೂ ದಿನಾ ಕೇಳ್ತೇನೆ. ಅವನು ಇನ್ನೂ ಹೇಳಿಲ್ಲ.” ಆಮೇಲೆ ಮೆಲ್ಲಗೆ ಕೇಳಿದರು: “ನಿಮ್ಮ ಹುಡುಗ ಹೇಗಿದ್ದ ಅಮ್ಮ?”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಎಂಗ್ ಬಿದ್ದ ಅಂತ ಎಲ್ರೂ ಕೇಳುದ್ರು ಬುದ್ಧಿ. ಎಂಗಿದ್ದ ಅಂತ ಯಾರೂ ಕೇಳ್ನಿಲ್ಲ.”

ಮತ್ತೆ ಅವಳು ನಿಲ್ಲಿಸಲಿಲ್ಲ. ಮುದ್ದೆ ಕಂಡರೆ ಅವನಿಗೆ ಆಗುತ್ತಿರಲಿಲ್ಲವಂತೆ. ಯಾರೂ ನೋಡದಾಗ ಕರುವಿಗೆ ಹಾಕಿ, ‘ಉಂಡಾಯ್ತು’ ಅನ್ನುತ್ತಿದ್ದನಂತೆ. “ಕರ ಊದ್ಕತು, ಇವ್ನು ಕಡ್ಡಿ ಆದ!” ಕಾಡು ನೋಡಲು ರೆಸಾರ್ಟಿಗೆ ಬಂದವರ ಜೀಪು ನಿಲ್ಲಿಸಿ, ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ‘ಟೈಗರ್ ಟುಡೇ ಲೀವ್’ ಎಂದು ಹೇಳಿ ಕಳಿಸುತ್ತಿದ್ದನಂತೆ. ಫಾದರ್ ತಡೆಯಲಾರದೆ ನಕ್ಕರು. ತಾಯಿಯೂ ನಕ್ಕಳು. ಅವಳು ನಕ್ಕದ್ದನ್ನು ಮಗಳು ಕಣ್ಣು ಅಗಲಿಸಿ ನೋಡುತ್ತಿದ್ದಳು.

ಅಲ್ಲಿಯವರೆಗೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ ಅಪ್ಪ ತಟಕ್ಕನೆ ಹೇಳಿದ: “ಅವ್ನ್ಗೆ ಈಜು ಬತ್ತಿತ್ತು ಬುದ್ಧಿ. ನಾನೇ ಕಲ್ಸಿದ್ದೆ.”

ಫಾದರ್ ಎದ್ದುಹೋಗಿ ಅವನ ಪಕ್ಕ ನೆಲದ ಮೇಲೆ ಕೂತು ಅವನ ಕೈ ಹಿಡಿದುಕೊಂಡರು. ದೇವರ ಮಾತು ಒಂದೂ ಆಡಲಿಲ್ಲ. ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋಗುವವರೆಗೂ ಹಾಗೆಯೇ ಇದ್ದರು.

ಹೊರಡುವಾಗ ಹುಡುಗಿ ರಸ್ತೆಯವರೆಗೂ ಬಂದಳು. ಅಪ್ಪನ ಕಡೆ ಒಮ್ಮೆ ತಿರುಗಿ ನೋಡಿದಳು. ಅವನು ತಲೆ ಆಡಿಸಿದ. “ಸೋಮವಾರ ಬತ್ತೀನಿ ಫಾದರ್” ಎಂದಳು.

ಊರು ದಾಟಿ ಸ್ವಲ್ಪ ದೂರ ಬಂದಿರಬೇಕು, ಫಾದರ್ ಹೊಂಗೆಮರದ ಕೆಳಗೆ ಸ್ಕೂಟರ್ ನಿಲ್ಲಿಸಿದರು. ಕನ್ನಡಕ ತೆಗೆದು ನಿಲುವಂಗಿಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ಮೇಷ್ಟ್ರೇ, ಇಲ್ಲಿಂದ ನೀವು ಬಿಡ್ತೀರಾ? ನನಗೆ ದಾರಿ ಕಾಣ್ತಾ ಇಲ್ಲ.”

ಇನ್ನೂ ಒಳ್ಳೆಯ ಬೆಳಕಿತ್ತು. ನಾನು ಮುಂದೆ ಹೋಗಿ ಕೂತೆ. ಅವರು ಹಿಂದೆ ಹತ್ತಿ, ನನ್ನ ಹೆಗಲ ಮೇಲೆ ಕೈಯಿಟ್ಟರು.