ಡ್ರೈವಿಂಗ್ ಟೆಸ್ಟಿಗೆ ಎದುರಾದ ಮಂಡಕ್ಕಿ ಚೀಲ

ಕಾರು ಓಡಿಸುವುದು ಕಷ್ಟವಲ್ಲ. ಪುಸ್ತಕದಲ್ಲಿ ಎಲ್ಲವೂ ಇದೆ. ಸಂಚಾರ ನಿಯಮಗಳ ಕಿರುಪುಸ್ತಕವನ್ನು ನಾನು ಪೆನ್ಸಿಲಿನಲ್ಲಿ ಗೆರೆ ಎಳೆದು ಎರಡು ಸಲ ಓದಿದ್ದೆ. ಆದ್ದರಿಂದ ಎರಡನೇ ಡ್ರೈವಿಂಗ್ ಟೆಸ್ಟಿನಲ್ಲಿ ಪಾಸಾಗುವ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಮೊದಲನೆಯದನ್ನು ಲೆಕ್ಕಕ್ಕೆ ಹಿಡಿಯಬಾರದು.

ಲೈಸೆನ್ಸ್ ನನಗೆ ತುರ್ತಾಗಿ ಬೇಕಿತ್ತು. ಮನೆ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ, ಕೆಲಸ ಹರಿಹರದ ಕಾಲೇಜಿನಲ್ಲಿ. ದಿನಾ ಬಸ್ಸು. ಪಕ್ಕದ ಸೀಟಿಗೆ ಯಾರೇ ಬಂದರೂ ಮೊದಲು ಊರು ಕೇಳುತ್ತಾರೆ, ಆಮೇಲೆ ಮನೆತನ, ಹರಿಹರ ಬರುವಷ್ಟರಲ್ಲಿ ಮದುವೆ. ನಂದಿಗುಡಿಯ ಒಬ್ಬ ಹೆಂಗಸಂತೂ ತಮ್ಮನ ಫೋಟೊವನ್ನೇ ನನ್ನ ಕೈಗಿತ್ತಿದ್ದರು. ಅಪ್ಪನ ಕಾರು ಶೆಡ್ಡಿನಲ್ಲಿ ಸುಮ್ಮನೆ ನಿಂತಿತ್ತು. ಅದರಲ್ಲಿ ಒಬ್ಬಳೇ ಕೂತು, ಯಾರಿಗೂ ಉತ್ತರ ಕೊಡದೆ ಹರಿಹರ ಮುಟ್ಟುವುದು: ನನ್ನ ಮಹತ್ವಾಕಾಂಕ್ಷೆ ಇಷ್ಟೇ.

ಮೊದಲ ಟೆಸ್ಟಿನಲ್ಲಿ ಒಬ್ಬ ಸೈಕಲ್ ಸವಾರನಿಗೆ ದಾರಿ ಬಿಡದೆ ನುಗ್ಗಿದ್ದೆ. “ಮೇಡಂ, ರೋಡನ್ನ ಕಾರಿನೋರಿಗಷ್ಟೇ ಬರೆದು ಕೊಟ್ಟಿಲ್ಲ” ಎಂದು ಇನ್ಸ್‌ಪೆಕ್ಟರ್ ಫೇಲ್ ಮಾಡಿದ್ದರು. ಹಾಗಾಗಿ ಈ ಸಲ ಹೊರಡುವಾಗ ಅಮ್ಮ ಬಾಗಿಲಲ್ಲೇ ಎಚ್ಚರಿಸಿದರು. “ಸೈಕಲ್ ಕಂಡ್ರೆ ನಿಂತ್ಬಿಡವ್ವ.”

“ನಿಂತೇ ಇರ್ತೀನಮ್ಮ.”

ಅದನ್ನೇ ಮಾಡಿದೆ!

ಅದೇ ಇನ್ಸ್‌ಪೆಕ್ಟರ್ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ನನ್ನ ಪಕ್ಕ ಕೂತರು. ಹಿಂದಿನ ಸೀಟಿನಲ್ಲಿ ಸ್ಕೂಲಿನ ಮಾಸ್ತರು. ಮೈದಾನದಲ್ಲಿ ಎಂಟರ ಆಕಾರ ಸುತ್ತಿದ್ದಾಯಿತು. “ಇನ್ನು ರೋಡಿನಾಗೆ ಒಂದು ರೌಂಡ್” ಎಂದರು ಇನ್ಸ್‌ಪೆಕ್ಟರ್. ಎರಡೂ ಬದಿ ಬೈಕು ನಿಲ್ಲಿಸಿದ್ದ ಕಿರಿದಾದ ರಸ್ತೆ. ಎದುರಿಗೆ ಸೈಕಲ್ ಬಂತು. ಕ್ಯಾರಿಯರಿನ ಮೇಲೆ ಮಂಡಕ್ಕಿ ಚೀಲ. ಎಷ್ಟು ದೊಡ್ಡದೆಂದರೆ, ಚೀಲಕ್ಕೆ ಸೈಕಲ್ ಕಟ್ಟಿದ್ದಾರೆ ಅನ್ನಿಸಬೇಕು. ಸವಾರರು ವಯಸ್ಸಾದವರು, ತಲೆಗೆ ಟವೆಲ್ ಸುತ್ತಿದ್ದರು.

ನಾನು ನಿಂತೆ. ಅವರೂ ಕಾಲೂರಿ ನಿಂತರು.

“ನೀವು ಹೋಗ್ರಿ ತಾಯಿ.”

“ಇಲ್ರಿ ಯಜಮಾನ್ರೆ, ನೀವು ಮುಂದೆ ಹೋಗ್ರಿ.”

“ಹೆಣ್ಮಗಳನ್ನ ನಿಲ್ಸಿ ನಾ ಹೋಗೋದಾ? ಬ್ಯಾಡ್ರಿ.”

“ಹಿರಿಯರನ್ನ ನಿಲ್ಸಿ ನಾನು ಹೋಗಲ್ಲರಿ.”

ನಮ್ಮ ಕಡೆ ಈ ಉಪಚಾರ ಮನೆಯ ಬಾಗಿಲಲ್ಲಿ, ಊಟದ ಪಂಕ್ತಿಯಲ್ಲಿ ನಡೆಯುತ್ತದೆ. ಒಬ್ಬರು ಮೂರು ಸಲ ಬೇಡವೆನ್ನಬೇಕು, ಇನ್ನೊಬ್ಬರು ನಾಲ್ಕನೇ ಸಲ ಒತ್ತಾಯ ಮಾಡಬೇಕು. ಎಂಜಿನ್ ಚಾಲೂ ಇಟ್ಟುಕೊಂಡು ಅದನ್ನು ನಡೆಸಿದ ಕೀರ್ತಿ ಬಹುಶಃ ನಮಗಿಬ್ಬರಿಗೇ ಸಲ್ಲಬೇಕು.

ಹಿಂದೆ ಹಾರ್ನ್‌ಗಳು ಶುರುವಾದವು. ಆಟೊದವನೊಬ್ಬ ತಲೆ ಹೊರಗೆ ಹಾಕಿದ. “ಏನ್ರಿ ಅಕ್ಕಾರ, ಬೀಗರು ಸಿಕ್ಕಾರೇನು? ಮನೀಗೆ ಕರ್ಕೊಂಡು ಹೋಗಿ ಮಾತಾಡ್ರಿ!”

ಇನ್ಸ್‌ಪೆಕ್ಟರ್ ಹಾಳೆಯಲ್ಲಿ ಏನೋ ಬರೆದುಕೊಂಡರು. ನನ್ನ ಧೈರ್ಯ ಕುಸಿಯಿತು. ಆಯಿತು, ನಾನೇ ಹೋಗುತ್ತೇನೆಂದು ಕ್ಲಚ್ ಬಿಟ್ಟೆ. ಅದೇ ಕ್ಷಣಕ್ಕೆ ಯಜಮಾನರೂ ಸೋತು ಪೆಡಲ್ ತುಳಿದರು. ಇಬ್ಬರೂ ನಿಂತೆವು. ಇಬ್ಬರೂ ಕ್ಷಮೆ ಕೇಳಿದೆವು. ಮತ್ತೆ ಇಬ್ಬರೂ ಹೊರಟೆವು. ನಾನು ಅವರ ಮುಖ ನೋಡುತ್ತಿದ್ದೆ, ಅವರು ನನ್ನ ಮುಖ ನೋಡುತ್ತಿದ್ದರು. ಚೀಲವನ್ನು ಇಬ್ಬರೂ ನೋಡಲಿಲ್ಲ.

ಕಾರಿನ ಬಲಗನ್ನಡಿ ಅದರ ಹೊಟ್ಟೆ ಸೀಳಿತು!

ಮಂಡಕ್ಕಿ ಬಿದ್ದರೆ ಸದ್ದಾಗುವುದಿಲ್ಲ. ಅದೊಂದೇ ಸಮಾಧಾನ. ತೆರೆದ ಕಿಟಕಿಯಿಂದ ಒಳಬಂದದ್ದು ನನ್ನ ಮಡಿಲು ತುಂಬಿತು, ಇನ್ಸ್‌ಪೆಕ್ಟರ ಹಾಳೆ ಮುಚ್ಚಿತು. ಉಳಿದದ್ದನ್ನು ಗಾಳಿ ರಸ್ತೆಗೆ ಹರಡಿತು.

ಇನ್ಸ್‌ಪೆಕ್ಟರ್ ಅಂಗಿ ಕೊಡವಿಕೊಂಡು ಇಳಿದರು. “ಪೆಟ್ಟಾತೇನ್ರಿ?”

“ನಂಗೇನಾಗಿಲ್ಲ ಸಾಹೇಬ್ರ. ತಾಯಿದೇನೂ ತಪ್ಪಿಲ್ಲ. ಚೀಲ ಹ್ಯಾಂಡಲ್‌ಗಿಂತ ಅಗಲ ಐತೆ. ತಪ್ಪು ನಂದು.”

“ಇಲ್ಲ ಸರ್, ನಾನು ಜಾಗ ಬಿಟ್ಟು ಹೋಗಬೇಕಿತ್ತು. ತಪ್ಪು ನನ್ನದು.”

“ಏ ತಾಯಿ, ನಂದು ಅಂದ್ನಲ್ರಿ!”

“ಅಲ್ಲ ಯಜಮಾನ್ರೆ, ನನ್ನದೇ!”

“ಸಾಕ್ ಮಾಡ್ರಿ!” ಎಂದು ಇನ್ಸ್‌ಪೆಕ್ಟರ್ ಕೈ ಎತ್ತಿದರು. “ದಾರಿ ಬಿಡೋದು ಎಷ್ಟು ಮುಖ್ಯನೋ, ಬಿಟ್ಟ ಮ್ಯಾಲೆ ಹೋಗೋದೂ ಅಷ್ಟೇ ಮುಖ್ಯ. ಕಾರಿನೋರು ಪಕ್ಕದಾಗೆ ಜಾಗ ನೋಡ್ಬೇಕು, ಸೈಕಲ್ನೋರು ಹಿಂದೆ ಹೊತ್ತಿದ್ದು ನೋಡ್ಕೋಬೇಕು. ಇಬ್ರೂ ಫೇಲ್!”

“ನಾ ಯಾವ ಪರೀಕ್ಷೆಗೂ ಕೂತಿಲ್ಲಲ್ರಿ ಸಾಹೇಬ್ರ” ಎಂದರು ಯಜಮಾನರು, ನಿಜವಾದ ಗಾಬರಿಯಿಂದ.

ಕೂತಿದ್ದವಳು ನಾನೊಬ್ಬಳೇ. ಮಾಸ್ತರು ನನ್ನನ್ನು ಇಳಿಸಿ ಸ್ಟೀರಿಂಗ್ ಹಿಡಿದು, ಇನ್ಸ್‌ಪೆಕ್ಟರನ್ನು ಕೂರಿಸಿಕೊಂಡು ಹೋಗಿಬಿಟ್ಟರು.

ಚೀಲದಲ್ಲಿ ಇನ್ನೂ ಅರ್ಧ ಮಂಡಕ್ಕಿ ಇತ್ತು, ಅದು ನಮ್ಮ ಬಡಾವಣೆಯ ಬಿ ಬ್ಲಾಕಿನ ಅಂಗಡಿ ಮುಟ್ಟಬೇಕಿತ್ತು. ಹೊಲಿಯಲು ದಬ್ಬಣವಿಲ್ಲ, ದಾರವಿಲ್ಲ. ಹರಿದ ಜಾಗವನ್ನು ಯಾರಾದರೂ ಹಿಡಿದುಕೊಂಡೇ ನಡೆಯಬೇಕು. ಯಜಮಾನರು ಸೈಕಲ್ ತಳ್ಳಿದರು. ನಾನು ಎರಡೂ ಮುಷ್ಟಿಯಲ್ಲಿ ಚೀಲ ಬಿಗಿಹಿಡಿದು, ಕೂದಲ ತುಂಬ ಮಂಡಕ್ಕಿ ಹೊತ್ತು, ಇಡೀ ಬಡಾವಣೆಯ ಕಣ್ಣೆದುರು ಹಿಂದೆ ನಡೆದೆ. ಕಾರುಗಳು ನಿಂತವು. ಬೈಕುಗಳು ಬದಿಗೆ ಸರಿದವು. ಒಬ್ಬರೂ ಹಾರ್ನ್ ಮಾಡಲಿಲ್ಲ. ಇಂದಿನವರೆಗೆ ನಾನು ಯಾವ ಅಪಘಾತವೂ ಇಲ್ಲದೆ ಗುರಿ ಮುಟ್ಟಿಸಿದ ವಾಹನ ಅದೊಂದೇ.